ಹೊಸಪೇಟೆಗೆ ಹೊರಟ ಹೇಂಟೆ

ಎಲ್ಲ ಸುರುವಾದದ್ದು ಒಂದು ಬಿಸ್ಕುಟಿನಿಂದ. ಲೋಕಯ್ಯ ಅದನ್ನು ಚಹಾದಲ್ಲಿ ಅದ್ದಿದ. ಅದು ಅರ್ಧಕ್ಕೆ ಮುರಿದು ಗ್ಲಾಸಿನ ತಳ ಸೇರಿತು. ಮುಳುಗಿದ ಬಿಸ್ಕುಟನ್ನು ಚಮಚದಲ್ಲಿ ಹುಡುಕುತ್ತಿರುವವನಿಗೆ ತನ್ನ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಲು ಪುರುಸೊತ್ತೆಲ್ಲಿ?

"ಈ ರಜೆಗೆ ಎಂತ ಪ್ರೋಗ್ರಾಂ ಮಾರಾಯ?" ಎಂದು ಎದುರಿನ ಮೇಜಿನ ಗುರುವಪ್ಪ ಕೇಳಿದ.

"ಎಂತ ಉಂಟು! ಸೈಕಲ್ ಹತ್ತುವುದು, ಹಂಪಿಗೆ ಹೋಗುವುದು, ಸುಡುವ ಬಂಡೆಗಳನ್ನು ಹತ್ತಿ ಇಳಿಯುವುದು. ಗಂಡಸಾದವನು ಮೇ ತಿಂಗಳಲ್ಲಿ ಮನೆಯಲ್ಲಿ ಕೂರ್ತಾನಾ?"

ಇದು ಲೋಕಯ್ಯನ ಸ್ವಂತ ಮಾತಲ್ಲ. ಹಂಚಿನ ಕಾರ್ಖಾನೆಯ ಮೆನೇಜರು ಸೈಮನ್ ಸಾಹೇಬರು ಪ್ರತಿ ಬೇಸಗೆಯಲ್ಲೂ ಹೇಳುತ್ತಿದ್ದ ಮಾತು. ಊರಿನ ಹೆಸರೊಂದನ್ನು ಬದಲಿಸಿ, ಅವರ ಮೂಗಿನ ಸ್ವರವನ್ನೂ ಬಿಡದೆ ಲೋಕಯ್ಯ ಒಪ್ಪಿಸಿದ್ದ. ಆದರೆ ಗುರುವಪ್ಪ ನಗಲಿಲ್ಲ. ಎದ್ದು ನಿಂತ. ಲೋಕಯ್ಯನ ಭುಜದ ಮೇಲೆ ಹಿಂದಿನಿಂದ ಒಂದು ಭಾರವಾದ ಕೈ ಬಿತ್ತು.

"ಶಾಬಾಸ್!" ಎಂದರು ಸೈಮನ್ ಸಾಹೇಬರು. "ಈ ಆಫೀಸಿನಲ್ಲಿ ಒಬ್ಬನಾದರೂ ಗಂಡಸು ಉಂಟು ಅಂತ ಇವತ್ತು ಗೊತ್ತಾಯ್ತು."

ಅದು ಅರವತ್ತೆರಡನೆಯ ಇಸವಿಯ ಬೇಸಗೆ. ರಾಜ್ಯ ಒಂದಾಗಿ ಆರು ವರ್ಷವಾಗುತ್ತ ಬಂದಿದ್ದರೂ ಲೋಕಯ್ಯ ಕಂಡ ರಾಜ್ಯ ಅತ್ತಾವರದ ಮನೆಯಿಂದ ನದಿ ದಂಡೆಯ ಕಾರ್ಖಾನೆಯವರೆಗೆ ಮಾತ್ರ. ಅವನ ಸೈಕಲ್ಲಿಗೂ ಅಷ್ಟೇ ಗೊತ್ತು. ಬೆಳಿಗ್ಗೆ ಇಳಿಜಾರಿನಲ್ಲಿ ಅದು ಇವನನ್ನು ಹೊರುತ್ತಿತ್ತು. ಸಂಜೆ ಏರಿನಲ್ಲಿ ಇವನು ಅದನ್ನು ನೂಕುತ್ತಿದ್ದ. ಇಬ್ಬರ ನಡುವೆ ಇದರ ಬಗ್ಗೆ ತಕರಾರು ಇರಲಿಲ್ಲ.

ಸೈಮನ್ ಸಾಹೇಬರದ್ದು ಬೇರೆ ಮಟ್ಟ. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿದ ಒಂದು ದೊಡ್ಡ ಫೋಟೋ ಇತ್ತು. ಸಾಹೇಬರು ತಲೆಗೆ ಬಿಸಿಲ ಟೊಪ್ಪಿ ಇಟ್ಟು, ಒಂದು ಕೈಯಲ್ಲಿ ಸೈಕಲ್ ಹಿಡಿದು ನಿಂತಿದ್ದಾರೆ. ಸುತ್ತ ಕಣ್ಣು ಹಾಯುವವರೆಗೆ ಒಂದು ಹುಲ್ಲುಕಡ್ಡಿ ಇಲ್ಲದ ಕಲ್ಲು. ಪಕ್ಕದಲ್ಲಿ ಕೊಂಬು ಮುರಿದ ಎಮ್ಮೆ ಮಲಗಿದ ಹಾಗೆ ಒಂದು ಬಂಡೆ. ಕೆಳಗೆ ‘ರಾಜಸ್ಥಾನದ ಮರುಭೂಮಿಯಲ್ಲಿ’ ಎಂದು ಬರೆದಿತ್ತು. ವರ್ಷವೂ ಮೇ ತಿಂಗಳಲ್ಲಿ ಸಾಹೇಬರು ಅಲ್ಲಿಗೆ ಹೋಗಿ, ಮೈ ಕರ್ರಗೆ ಮಾಡಿಕೊಂಡು ಬಂದು, ಜೂನ್ ತಿಂಗಳು ಪೂರ್ತಿ ಅದನ್ನು ವರ್ಣಿಸುತ್ತಿದ್ದರು. ಹೊರಗೆ ಮಳೆ ಸುರಿಯುತ್ತಿರುವಾಗ ಗುಮಾಸ್ತರೆಲ್ಲ ಒಳಗೆ ಕೂತು ಬಾಯಾರಿಕೆಯ ಕತೆ ಕೇಳಬೇಕಾಗುತ್ತಿತ್ತು.

ಈ ವರ್ಷ ಹೆಡ್ ಕ್ಲರ್ಕ್ ನಿವೃತ್ತರಾಗುವವರಿದ್ದರು. ಆ ಕುರ್ಚಿಯ ಮೇಲೆ ಲೋಕಯ್ಯನ ಕಣ್ಣೂ ಇತ್ತು, ಗುರುವಪ್ಪನ ಕಣ್ಣೂ ಇತ್ತು. "ಹೆಡ್ ಕ್ಲರ್ಕ್ ಆಗುವವನಿಗೆ ಎದೆಗಾರಿಕೆ ಬೇಕು," ಎಂದು ಸಾಹೇಬರು ಅದೇ ಸಂಜೆ ಎಲ್ಲರೆದುರು ಹೇಳಿ ಲೋಕಯ್ಯನ ಕಡೆ ನೋಡಿದರು. ತಾನು ಆಡಿದ್ದು ತಮಾಷೆ ಎಂದು ಹೇಳುವ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಹೋಗಿ ಬಂದರೆ ಕುರ್ಚಿ. ಹೋಗದಿದ್ದರೆ ಸಾಹೇಬರನ್ನು ಅಣಕಿಸಿದವನು ಎಂಬ ಹೆಸರು.

ಸಾಹೇಬರು ಹೊರಟ ದಿನ ಗುರುವಪ್ಪ ರೈಲ್ವೆ ಸ್ಟೇಷನ್ನಿಗೆ ಹೋಗಿ ಹಾರ ಹಾಕಿದ. ಮರುದಿನ ಬೆಳಿಗ್ಗೆ ಇನ್ನೊಂದು ಹಾರ ಹಿಡಿದು ಅತ್ತಾವರಕ್ಕೆ ಬಂದ. ಅವನ ಹೆಗಲಲ್ಲಿ ಒಂದು ಕ್ಯಾಮರಾ ನೇತಾಡುತ್ತಿತ್ತು.

"ತಕೋ ಮಾರಾಯ, ನನ್ನ ಭಾವನದ್ದು. ಫಿಲಂ ಹಾಕಿ ಉಂಟು. ಬಂಡೆ ಹತ್ತಿರ ನಿಂತು ಒಂದು ಫೋಟೋ ತೆಗೆಸಿಕೊಂಡು ಬಾ. ನನಗೇನೋ ನಂಬಿಕೆ ಉಂಟು. ನಾಳೆ ಬೇರೆಯವರು ಮಾತಾಡಬಾರದಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ.

ಲೋಕಯ್ಯನದ್ದೂ ಒಂದು ಲೆಕ್ಕಾಚಾರ ಇತ್ತು. ಪರಿಚಯದವರ ಕಣ್ಣು ತಪ್ಪುವ ತನಕ, ಎಂದರೆ ಕೊಟ್ಟಾರದ ತನಕ, ಸೈಕಲ್ ತುಳಿಯುವುದು. ಅಲ್ಲಿ ಕಾರ್ಕಳದ ಬಸ್ಸಿನ ಮೇಲೆ ಸೈಕಲ್ ಹಾಕಿಸಿ ತಾನು ಒಳಗೆ ಕೂರುವುದು. ಬಸ್ಸಿನಿಂದ ಬಸ್ಸಿಗೆ ಹತ್ತಿ ಹೊಸಪೇಟೆ, ಅಲ್ಲೇ ಪಕ್ಕದಲ್ಲಿ ಹಂಪಿ, ಒಂದು ಬಂಡೆ, ಒಂದು ಫೋಟೋ, ವಾಪಸು.

ಆದರೆ ನಮ್ಮ ಕಡೆ ಒಬ್ಬ ಒಂದು ಊರಿಗೆ ಹೋಗುತ್ತಾನೆ ಎಂದರೆ ಅವನೊಬ್ಬನೇ ಹೋಗುವ ಕ್ರಮವಿಲ್ಲ. ಆ ಊರಿನಲ್ಲಿರುವ ಎಲ್ಲ ಮಗಳು, ಅಳಿಯ, ಮೊಮ್ಮಕ್ಕಳಿಗೂ ಅವನ ಕೈಯಲ್ಲೇ ಏನಾದರೂ ಕಳುಹಿಸಬೇಕು. ಕಳುಹಿಸದಿದ್ದರೆ ಹೋಗುವವನಿಗೆ ಬೇಜಾರಾಗುತ್ತದೆ ಎಂಬುದು ಕಳುಹಿಸುವವರ ನಂಬಿಕೆ.

ಎದುರು ಮನೆಯ ಚಂಪಕ್ಕ ದೊಡ್ಡ ಗಂಟಿನೊಂದಿಗೆ ಬಂದರು. ಅವರ ತಂಗಿಯ ಮಗಳನ್ನು ಹೊಸಪೇಟೆಯ ಹೋಟೆಲಿನವನಿಗೆ ಕೊಟ್ಟಿತ್ತು. "ಲೋಕಯ್ಯಣ್ಣ, ಇದು ಹಲಸಿನ ಹಪ್ಪಳ. ಮೂರು ತಿಂಗಳ ಬಸುರಿ ಅವಳು. ಹಪ್ಪಳ ಹಪ್ಪಳ ಅಂತ ಕನವರಿಸ್ತಾಳಂತೆ. ಒಂದೂ ಒಡೆಯಬಾರದು ಆಯ್ತಾ? ಇದು ಮಿಡಿ ಉಪ್ಪಿನಕಾಯಿ. ಭರಣಿ ಮೊಗಚಬೇಡಿ."

"ಸೈಕಲಲ್ಲಿ ಚಂಪಕ್ಕ..."

"ಅದೇ ಒಳ್ಳೇದು. ಬಸ್ಸಿನಲ್ಲಿ ಆದರೆ ಕುಲುಕ್ತದೆ."

ಬಳಿಕ ಮೂಲೆ ಮನೆಯ ಮಗ್ದಲೀನ್ ಬಾಯಿ ಬಂದರು. ಅವರ ಮಗ ಹೊಸಪೇಟೆಯ ಅಣೆಕಟ್ಟಿನ ಆಫೀಸಿನಲ್ಲಿದ್ದ. ಒಂದು ಪೊಟ್ಟಣ ಒಣ ಸಿಗಡಿಯನ್ನು ಹ್ಯಾಂಡಲಿಗೆ ಕಟ್ಟಿ, ಇನ್ನೊಂದು ಕೈಯನ್ನು ಸೆರಗಿನ ಮರೆಯಿಂದ ಹೊರ ತೆಗೆದರು. ಆ ಕೈಯಲ್ಲಿ ಕಾಲು ಕಟ್ಟಿದ ಕೆಂಪು ಹೇಂಟೆಯೊಂದಿತ್ತು.

"ಅಲ್ಲಿ ಊರಿನ ಕೋಳಿ ಸಿಗುವುದಿಲ್ಲವಂತೆ. ಸಾಧು ಪ್ರಾಣಿ, ಎಂತ ಉಪದ್ರ ಇಲ್ಲ. ಆಗಾಗ ನೀರು ಕೊಟ್ಟರೆ ಸಾಕು."

ಹೇಂಟೆ ಲೋಕಯ್ಯನನ್ನು ಒಂದು ಕಣ್ಣಿನಿಂದ ನೋಡಿತು. ಹೆಡ್ ಕ್ಲರ್ಕುಗಳು ಹೊಸ ಗುಮಾಸ್ತರನ್ನು ನೋಡುವುದು ಹಾಗೆಯೇ.

ಅವನ ಹೆಂಡತಿ ವಿನೋದಾ ಮಾತ್ರ ಹೆಚ್ಚು ಏನೂ ಕೊಡಲಿಲ್ಲ. ಬಾಳೆಲೆಯಲ್ಲಿ ಕಟ್ಟಿದ ಒಂದು ಹೊತ್ತಿನ ಬುತ್ತಿ, ಹಿಮ್ಮಡಿಗೆ ಹಚ್ಚಲು ಒಂದು ಸಣ್ಣ ಕುಪ್ಪಿ ತೆಂಗಿನೆಣ್ಣೆ.

"ಎಂತ ಇದು? ಎಷ್ಟು ದಿನದ ದಾರಿ, ಒಂದೇ ಹೊತ್ತಿನ ಬುತ್ತಿಯಾ?"

"ಇವತ್ತಿನದ್ದು ಮೊದಲು ಮುಗಿಯಲಿ. ಬಿಸಿಲಿಗೆ ಜಾಗ್ರತೆ," ಎಂದು ಅವಳು ಒಳಗೆ ಹೋದಳು.

ಗುರುವಪ್ಪ ಜೈಕಾರ ಹಾಕಿದ. ಲೋಕಯ್ಯ ತುಳಿದ. ಕತ್ತಿನಲ್ಲಿ ಹಾರ, ಹೆಗಲಲ್ಲಿ ಕ್ಯಾಮರಾ, ಹಿಂದೆ ಹಪ್ಪಳ, ಮುಂದೆ ಹೇಂಟೆ. ಮದುವೆ ದಿಬ್ಬಣದಿಂದ ತಪ್ಪಿಸಿಕೊಂಡ ಮದುಮಗನ ಹಾಗೆ ಕಾಣುತ್ತಿದ್ದ ಅವನನ್ನು ಕಂಡು ನಾಯಿಗಳು ಕೂಡ ಬೊಗಳುವುದನ್ನು ಮರೆತು ದಾರಿ ಬಿಟ್ಟವು.

ಕೊಟ್ಟಾರ ಮುಟ್ಟುವಾಗ ಶರಟು ಒದ್ದೆಯಾಗಿ ಮೈಗೆ ಅಂಟಿತ್ತು. ಕಾರ್ಕಳದ ಬಸ್ಸು ಬಂತು. ಲೋಕಯ್ಯ ಕೈ ಅಡ್ಡ ಹಿಡಿದ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿದವನು ಮುಖವರಳಿಸಿದ.

"ಓಹೋ! ನೀವೇ ಅಲ್ವಾ ಸೈಕಲಲ್ಲಿ ಹಂಪಿಗೆ ಹೋಗುವ ಜನ? ಗುರುವಪ್ಪಣ್ಣ ನಿನ್ನೆ ಇಡೀ ಬಸ್‌ಸ್ಟ್ಯಾಂಡಿಗೆ ಹೇಳಿದ್ದಾರೆ."

"ಹೌದು, ಆದರೆ ಕಾರ್ಕಳದವರೆಗೆ ಮಾತ್ರ ಬಸ್ಸಿನಲ್ಲಿ..."

"ಛೆ ಛೆ! ಅಷ್ಟು ದೊಡ್ಡ ಸಾಹಸ ನನ್ನಿಂದ ಕೆಡುವುದು ಬೇಡ ಮಾರಾಯ್ರೆ. ನೀವೇನೋ ದಣಿವಿನಲ್ಲಿ ಕೇಳ್ತೀರಿ, ನಾಳೆ ಪಶ್ಚಾತ್ತಾಪ ಪಡ್ತೀರಿ." ಕಂಡಕ್ಟರ್ ತನ್ನ ಊಟಕ್ಕೆಂದು ಇಟ್ಟಿದ್ದ ಬಾಳೆಹಣ್ಣುಗಳಲ್ಲಿ ಎರಡನ್ನು ಲೋಕಯ್ಯನ ಕೈಗೆ ತುರುಕಿದ. "ದಾರಿಗೆ ಆಯ್ತು. ರೈಟ್!"

ಬಸ್ಸಿನೊಳಗಿನವರೆಲ್ಲ ಕಿಟಕಿಯಿಂದ ಕೈ ಬೀಸಿದರು. ಎರಡನೆಯ ಬಸ್ಸಿನವನು ಚಪ್ಪಾಳೆ ತಟ್ಟಿ ಮುಂದೆ ಹೋದ. ಮೂರನೆಯ ಬಸ್ಸಿನ ಡ್ರೈವರು ಗಾಡಿ ನಿಲ್ಲಿಸಿ, ಇಳಿದು ಬಂದು, ಲೋಕಯ್ಯನ ಎರಡೂ ಚಕ್ರಕ್ಕೆ ಗಾಳಿ ಸಾಲದು ಎಂದು ತನ್ನ ಪಂಪಿನಲ್ಲಿ ಗಟ್ಟಿಯಾಗಿ ತುಂಬಿಸಿಕೊಟ್ಟು ಹೋದ. ಒಳ್ಳೆಯ ಮನುಷ್ಯ. ಆ ಗಾಳಿಗೇ ಮುಂದಿನ ಏರಿನಲ್ಲಿ ಹಿಂದಿನ ಚಕ್ರ ಪಟಾಕಿಯ ಹಾಗೆ ಸಿಡಿಯಿತು.

ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ಬಸ್ಸಿನ ಸದ್ದು. ಇನ್ನೊಂದು ಚಪ್ಪಾಳೆಯನ್ನು ತಡೆದುಕೊಳ್ಳುವ ಶಕ್ತಿ ಲೋಕಯ್ಯನಿಗೆ ಉಳಿದಿರಲಿಲ್ಲ. ಅವನು ಸೈಕಲ್ ನೂಕಿಕೊಂಡು ರಸ್ತೆ ಬದಿಯ ಗಾಡಿದಾರಿಯಲ್ಲಿ ಮರೆಯಾದ. ಆ ದಾರಿ ಗುಡ್ಡ ಹತ್ತಿಸಿ, ಸುತ್ತಿಸಿ, ಒಂದು ಮುರಕಲ್ಲಿನ ಕೋರೆಯ ಬಾಯಿಗೆ ತಂದು ಬಿಟ್ಟಿತು.

ಕೋರೆ ಎಂದರೆ ಮನೆ ಕಟ್ಟುವ ಕೆಂಪು ಕಲ್ಲನ್ನು ಕಡಿದು ತೆಗೆದು ಗುಡ್ಡದ ಹೊಟ್ಟೆಯನ್ನೇ ಬರಿದು ಮಾಡಿದ ಜಾಗ. ಮೇ ತಿಂಗಳ ನಡುಹಗಲಿನಲ್ಲಿ ಅಲ್ಲಿ ಕಾಗೆಯೂ ಇಳಿಯುವುದಿಲ್ಲ. ಕೆಂಪು ಗೋಡೆ, ಕೆಂಪು ಧೂಳು, ಕಾದ ಹಂಚಿನ ಮೇಲಿನ ಹಾಗೆ ನಡುಗುವ ಗಾಳಿ. ಕೆಲಸಕ್ಕೆ ರಜೆ ಇದ್ದುದರಿಂದ ಜನ ಯಾರೂ ಇರಲಿಲ್ಲ. ತೆಂಗಿನ ಮಡಲು ಹೊದಿಸಿದ ಮಾಡಿನ ಕೆಳಗಿನಿಂದ ಕೋರೆಯ ಯಜಮಾನ, ಮೊಯ್ದೀನಬ್ಬ ಎಂಬ ಬ್ಯಾರಿ ಮಾತ್ರ ಎದ್ದು ಬಂದರು. ಯಾರು, ಎಲ್ಲಿಗೆ, ಕತ್ತಿನಲ್ಲಿ ಹಾರ ಯಾಕೆ, ಕೋಳಿ ಯಾಕೆ ಎಂದು ಒಂದನ್ನೂ ಕೇಳಲಿಲ್ಲ. ಮಣ್ಣಿನ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಲೋಕಯ್ಯ ಕುಡಿದ ಮೇಲೆ, ತೆಂಗಿನ ಚಿಪ್ಪಿನಲ್ಲಿ ಹೇಂಟೆಗೂ ಇಟ್ಟರು.

ನೀರು ಹೊಟ್ಟೆಗೆ ಹೋದ ಕೂಡಲೇ ಲೋಕಯ್ಯನ ಕಣ್ಣು ತೆರೆಯಿತು. ಸುತ್ತ ನೋಡಿದ. ಹುಲ್ಲುಕಡ್ಡಿ ಇಲ್ಲ. ಬರೀ ಕಲ್ಲು. ಹಂಪಿಯಲ್ಲಿ ಇದಕ್ಕಿಂತ ಹೆಚ್ಚು ಏನಿದ್ದೀತು? ಬಣ್ಣ ಬೇರೆ ಇರಬಹುದು. ಆದರೆ ಕಪ್ಪು ಬಿಳುಪಿನ ಫೋಟೋದಲ್ಲಿ ಕಲ್ಲಿಗೆ ಜಾತಿ ಎಲ್ಲಿದೆ?

"ಬ್ಯಾರಿಗಳೇ, ನನ್ನದೊಂದು ಫೋಟೋ ತೆಗೆಯಲಿಕ್ಕೆ ಆಗ್ತದಾ? ಇಲ್ಲಿ ಹೀಗೆ ಒತ್ತಿದರೆ ಸಾಕು."

ಮೊಯ್ದೀನಬ್ಬ ಕ್ಯಾಮರಾವನ್ನು ಕೈಗೆ ತೆಗೆದುಕೊಂಡು, ಕಣ್ಣು ಕಿರಿದಾಗಿಸಿ, ಬಿಸಿಲು ನೋಡಿದರು. "ಅಲ್ಲಿ ಬೇಡ, ಹಿಂದಿನ ತೆಂಗಿನಮರ ಕಾಣ್ತದೆ. ಇಲ್ಲಿ ಬನ್ನಿ, ಗುಳಿಗನ ಕಲ್ಲಿನ ಪಕ್ಕ. ಟೊಪ್ಪಿ ಇಲ್ವಾ? ಇದ್ದರೆ ಒಳ್ಳೇದಿತ್ತು."

"ನಿಮಗೆ ಈ ಕೆಲಸವೂ ಗೊತ್ತುಂಟಾ?"

"ಒಬ್ಬರದ್ದು ತೆಗೆದು ಅಭ್ಯಾಸ," ಎಂದರು ಮೊಯ್ದೀನಬ್ಬ.

ಸುತ್ತಲಿನ ಕಲ್ಲನ್ನೆಲ್ಲ ಕಡಿದಿದ್ದರೂ ಆ ಒಂದು ಬಂಡೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ಗುಳಿಗ ದೈವದ ಕಲ್ಲು ಎಂದು ಕೆಲಸದವರು ಹೇಳಿದ್ದರು, ಮೊಯ್ದೀನಬ್ಬ ಬಿಟ್ಟಿದ್ದರು. ಲೋಕಯ್ಯ ಎದೆ ಉಬ್ಬಿಸಿ ಅದರ ಪಕ್ಕ ನಿಂತ. ಕೊಂಬು ಮುರಿದ ಎಮ್ಮೆ ಮಲಗಿದ ಹಾಗಿದ್ದ ಆ ಕಲ್ಲನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಅವನಿಗೆ ಅನ್ನಿಸಿತು. ಎಲ್ಲಿ ಎಂದು ನೆನಪಿಗೆ ಬರುವ ಮೊದಲು ಕ್ಯಾಮರಾ ಟಿಕ್ಕೆಂದಿತು. ಆ ಸದ್ದಿಗೆ ಬೆಚ್ಚಿದ ಹೇಂಟೆ ಸಡಿಲಾಗಿದ್ದ ಕಟ್ಟನ್ನು ಕೊಡವಿಕೊಂಡು ಓಡಿತು.

"ಅಯ್ಯೋ, ಮಗ್ದಲೀನ್ ಬಾಯಿಯ ಹೇಂಟೆ!"

ಲೋಕಯ್ಯ ಬೆನ್ನಟ್ಟಿದ. ಬೆಳಿಗ್ಗೆಯಿಂದ ಮಾಡದ ಸಾಹಸವನ್ನೆಲ್ಲ ಆಗ ಮಾಡಿದ. ಗೋಡೆ ಹತ್ತಿದ, ಹೊಂಡಕ್ಕೆ ಹಾರಿದ, ಪಂಚೆ ಹರಿದುಕೊಂಡ, ಮೊಣಕಾಲು ತರಚಿಕೊಂಡ, ಕೆಂಪು ಧೂಳಿನಲ್ಲಿ ಎರಡು ಸಲ ಹೊರಳಿದ. ಸಾಧು ಪ್ರಾಣಿ ಗುಳಿಗನ ಕಲ್ಲಿಗೆ ಒಂದು ಸುತ್ತು ಬಂದು ಕೋರೆಯಾಚೆಯ ಗೇರುಮರದ ನೆರಳಿಗೆ ಹಾರಿತು. ಅಲ್ಲೊಂದು ಆರಾಮ ಕುರ್ಚಿ. ಕುರ್ಚಿಯಲ್ಲಿ ಲುಂಗಿ, ಬನಿಯನು ತೊಟ್ಟ ಒಂದು ದೊಡ್ಡ ಹೊಟ್ಟೆ. ಹೊಟ್ಟೆಯ ಮೇಲಿನ ಮುಖಕ್ಕೆ ಪೇಪರು ಮುಚ್ಚಿತ್ತು. ಹೇಂಟೆ ಆ ಹೊಟ್ಟೆಯ ಮೇಲೆ ಇಳಿಯಿತು.

ಪೇಪರು ಜಾರಿತು. ಸೈಮನ್ ಸಾಹೇಬರು ಕಣ್ಣು ಬಿಟ್ಟರು.

ಹೇಂಟೆ ಇಬ್ಬರ ಪರವಾಗಿಯೂ ಕೊಕ್ಕೊಕ್ಕೋ ಎಂದಿತು.

"ಲೋಕಯ್ಯ," ಎಂದರು ಸಾಹೇಬರು, ಬನಿಯನನ್ನು ಕೆಳಗೆಳೆದುಕೊಳ್ಳುತ್ತ, "ಹಂಪಿ ಮುಟ್ಟಿದಿರಾ?"

"ಮುಟ್ಟಿದೆ ಸಾರ್. ತಾವು... ರಾಜಸ್ಥಾನ?"

"ನಿನ್ನೆ ಸಂಜೆಯೇ ಮುಟ್ಟಿದೆ. ಬಿಸಿಲು ಜೋರು."

"ಹಂಪಿಯಲ್ಲಿಯೂ ಹಾಗೆಯೇ ಸಾರ್."

ಮೊಯ್ದೀನಬ್ಬ ಸದ್ದಿಲ್ಲದೆ ಇನ್ನೊಂದು ಚಾಪೆ ತಂದು ಹಾಸಿ, "ಗಂಜಿ ಇಬ್ಬರಿಗಾ?" ಎಂದು ಮಾತ್ರ ಕೇಳಿದರು.

ಗಂಜಿ ಕುಡಿಯುತ್ತ ಸಾಹೇಬರು ಬಾಯಿ ಬಿಟ್ಟರು. ಮೊದಲ ವರ್ಷ ಅವರು ನಿಜವಾಗಿಯೇ ಸೈಕಲಿನಲ್ಲಿ ಹೊರಟಿದ್ದರಂತೆ. ಇದೇ ಏರಿನಲ್ಲಿ ಚೈನು ತುಂಡಾಯಿತು. ಮೊಯ್ದೀನಬ್ಬ ನೀರು ಕೊಟ್ಟರು. ಹಾರ ಹಾಕಿ ಕಳುಹಿಸಿದ ಊರಿಗೆ ಅದೇ ದಿನ ಹಿಂತಿರುಗುವುದು ಹೇಗೆ? ಆಮೇಲೆ ಅದೇ ಪದ್ಧತಿಯಾಯಿತು. "ಮೇ ತಿಂಗಳು ನಮ್ಮ ಮನೆ ತುಂಬ ಹೆಂಡತಿಯ ಕಡೆಯ ನೆಂಟರು ಮಾರಾಯ. ಸ್ನಾನಕ್ಕೆ ಸಾಲು ನಿಲ್ಲಬೇಕು. ಈಗ ರೈಲು ಹತ್ತುತ್ತೇನೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಇಲ್ಲಿ ಎಷ್ಟು ಶಾಂತಿ ಉಂಟು ನೋಡು. ಹಪ್ಪಳ ಯಾರದ್ದು?"

ಚಂಪಕ್ಕನ ಹಪ್ಪಳವನ್ನು ಕೆಂಡದ ಮೇಲೆ ಸುಟ್ಟರು. ಅರ್ಧಕ್ಕರ್ಧ ಮೊದಲೇ ಒಡೆದಿತ್ತು. ಭರಣಿಯ ಉಪ್ಪಿನಕಾಯಿ ಗಂಜಿಗೆ ಹೋಯಿತು, ಮಗ್ದಲೀನ್ ಬಾಯಿಯ ಸಿಗಡಿ ಚಟ್ನಿಯಾಯಿತು. ಸಾಹೇಬರ ಕಣ್ಣು ಹೇಂಟೆಯ ಮೇಲೂ ಬಿತ್ತು. ಆದರೆ ಅದು ಅಷ್ಟರಲ್ಲಿ ಅವರ ಆರಾಮ ಕುರ್ಚಿಯಲ್ಲೇ ಒಂದು ಮೊಟ್ಟೆ ಇಟ್ಟಿತ್ತು. "ಮೊಟ್ಟೆ ಇಟ್ಟು ಮನೆ ಮಾಡಿದ ಕೋಳಿ. ಕೊಯ್ಯುವುದು ಬೇಡ, ಇಲ್ಲೇ ಇರಲಿ," ಎಂದರು ಮೊಯ್ದೀನಬ್ಬ. ಮರುಭೂಮಿಯಲ್ಲಿ ಅವರ ಮಾತೇ ಕಾನೂನು.

"ಒಂದೇ ಮರುಭೂಮಿಯ ನೀರು ಕುಡಿದವರು ನಾವು ಲೋಕಯ್ಯ," ಎಂದರು ಸಾಹೇಬರು ಚಾಪೆಯ ಮೇಲೆ ಒರಗುತ್ತ. "ನಿನ್ನನ್ನು ನಾನು ಮರೆಯುವವನಲ್ಲ."

ಬಹುವಚನ ಏಕವಚನವಾದದ್ದನ್ನು ಲೋಕಯ್ಯ ಪ್ರೀತಿ ಎಂದು ತಿಳಿದ. ಸಾಹೇಬರ ಗುಟ್ಟು ತನ್ನ ಕಿಸೆಯಲ್ಲಿದೆ, ಇನ್ನು ಹೆಡ್ ಕ್ಲರ್ಕಿನ ಕುರ್ಚಿ ಎಲ್ಲಿಗೆ ಹೋದೀತು? ವಿನೋದಾ ಕೊಟ್ಟ ಎಣ್ಣೆಯನ್ನು ಹಿಮ್ಮಡಿಗೆ ಹಚ್ಚಿಕೊಂಡು ಅವನು ಆ ಮಧ್ಯಾಹ್ನ ಹಂಪಿಯಲ್ಲಿ ಸುಖವಾಗಿ ನಿದ್ರಿಸಿದ. ರಜೆ ಮುಗಿಯುವ ತನಕ ಅಲ್ಲೇ ಉಳಿದ.

ಆಫೀಸು ಪುನಃ ತೆರೆದಾಗ ಇಬ್ಬರೂ ಒಂದೇ ಹದಕ್ಕೆ ಸುಟ್ಟ ಹಂಚುಗಳಂತೆ ಕಾಣುತ್ತಿದ್ದರು. ಹಪ್ಪಳ, ಸಿಗಡಿ, ಹೇಂಟೆ ಎಲ್ಲ ಮುಟ್ಟಿತು ಎಂದು ಲೋಕಯ್ಯ ಬೀದಿಯವರಿಗೆ ಹೇಳಿಯಾಗಿತ್ತು. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ. ಎಡವಟ್ಟು ಮಾಡಿದ್ದು ಗುರುವಪ್ಪ. ಅವನು ತನ್ನ ಉತ್ಸಾಹದಲ್ಲಿ, ಲೋಕಯ್ಯ ಬಂದ ದಿನವೇ ಕ್ಯಾಮರಾ ಇಸಿದುಕೊಂಡು, ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸಾಹೇಬರು ಬರುವ ಮೊದಲೇ ಅವರ ಫೋಟೋದ ಪಕ್ಕದಲ್ಲಿ ತೂಗು ಹಾಕಿದ್ದ.

ಎಲ್ಲರೂ ನೋಡಿದರು. ಎಡಗಡೆ ರಾಜಸ್ಥಾನದ ಮರುಭೂಮಿ, ಕೊಂಬು ಮುರಿದ ಎಮ್ಮೆ. ಬಲಗಡೆ ಹಂಪಿ, ಅದೇ ಎಮ್ಮೆ, ಅದೇ ಕೊಂಬು. ಸಾಹೇಬರು ಒಳಗೆ ಬಂದರು, ಗೋಡೆ ನೋಡಿದರು, ಟೊಪ್ಪಿ ತೆಗೆದರು.

"ಗಾಳಿ," ಎಂದರು. "ಒಣ ಪ್ರದೇಶದ ಗಾಳಿ ಕಲ್ಲನ್ನು ಒಂದೇ ರೀತಿ ಕೆತ್ತುತ್ತದೆ. ಅಲ್ವಾ?"

ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಗುರುವಪ್ಪ. "ಹೌದು ಸಾರ್! ನಾನೂ ಅದನ್ನೇ ಹೇಳುವವನಿದ್ದೆ. ಗಾಳಿಯೇ!"

ಸಾಹೇಬರು ಅವನನ್ನು ಬಹಳ ಹೊತ್ತು ಮೆಚ್ಚುಗೆಯಿಂದ ನೋಡಿದರು. ಹೆಡ್ ಕ್ಲರ್ಕಿಗೆ ಬೇಕಾದ ಎದೆಗಾರಿಕೆ ಎಂಥದ್ದು ಎಂದು ಅವರಿಗೆ ಆಗ ಸ್ಪಷ್ಟವಾಯಿತು. ಮಧ್ಯಾಹ್ನದೊಳಗೆ ಗುರುವಪ್ಪನಿಗೆ ಕುರ್ಚಿ ಸಿಕ್ಕಿತು. ಆಮೇಲೆ ಸಾಹೇಬರು ಲೋಕಯ್ಯನ ಭುಜದ ಮೇಲೆ ಅದೇ ಭಾರವಾದ ಕೈ ಇಟ್ಟರು.

"ನಿಮ್ಮನ್ನು ಮರೆಯುವುದಿಲ್ಲ ಅಂದಿದ್ದೆ. ಹೊಸಪೇಟೆಯಲ್ಲಿ ನಮ್ಮ ಹಂಚಿನ ಡಿಪೋ ತೆರೆಯುತ್ತೇವೆ. ಆ ಬಂಡೆಯ ಸೀಮೆ ಗೊತ್ತಿರುವವರು ಈ ಆಫೀಸಿನಲ್ಲಿ ನೀವೊಬ್ಬರೇ ಅಲ್ವಾ? ಸಂಬಳ ಇಷ್ಟೇ, ಆದರೆ ಬಂಡೆ ಬೇಕಾದಷ್ಟು ಉಂಟು. ನಾಡಿದ್ದು ಹೊರಡಿ. ನಿಮ್ಮ ಫೋಟೋವನ್ನೂ ತೆಗೆದುಕೊಂಡು ಹೋಗಿ. ಅದು ಇಲ್ಲಿ ಬೇಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲ ಎನ್ನಲು ಲೋಕಯ್ಯನ ಹತ್ತಿರ ಒಂದೇ ಒಂದು ಕಾರಣವಿತ್ತು. ಅದನ್ನು ಹೇಳುವ ಹಾಗಿರಲಿಲ್ಲ.

ಹೊರಡುವ ಬೆಳಿಗ್ಗೆ ಅತ್ತಾವರದ ಬೀದಿ ಪುನಃ ಸೇರಿತು. ಈ ಸಲ ಟ್ರಂಕು, ಹಾಸಿಗೆ, ವಿನೋದಾ, ಎಲ್ಲವೂ ಬಸ್ಸಿಗೆ. ಚಂಪಕ್ಕನ ಗಂಟು ಮೊದಲಿಗಿಂತ ದೊಡ್ಡದಿತ್ತು. "ಲೋಕಯ್ಯಣ್ಣ, ಹೋದ ಸಲದ್ದು ಹೇಗಿತ್ತು ಅಂತ ಅವಳನ್ನೇ ಕೇಳಿ, ನನಗೆ ತಿಳಿಸಿ ಆಯ್ತಾ?" ಮಗ್ದಲೀನ್ ಬಾಯಿ ಸೆರಗಿನ ಮರೆಯಿಂದ ಕೈ ಹೊರ ತೆಗೆದರು. ಕೈಯಲ್ಲಿ ಕಾಲು ಕಟ್ಟಿದ ಒಂದು ದೊಡ್ಡ ಹುಂಜ.

"ಪಾಪ, ಹೇಂಟೆ ಒಂದೇ ಅಲ್ಲಿ ಬೇಜಾರು ಮಾಡ್ತದೆ. ಇದನ್ನು ಅದರ ಜೊತೆ ಬಿಡಿ."

ಲೋಕಯ್ಯ ಟ್ರಂಕಿನ ಹಿಂದೆ ಸರಿದ. ವಿನೋದಾ ಮುಂದೆ ಬಂದು ಹುಂಜವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಖಂಡಿತ ಬಿಡ್ತೇವೆ ಬಾಯಿ," ಎಂದಳು.

ಬಸ್ಸು ಹೊರಟು ಬೀದಿ ಹಿಂದೆ ಬಿದ್ದ ಮೇಲೆ ಲೋಕಯ್ಯ ಮೆಲ್ಲಗೆ ಕೇಳಿದ. "ಯಾಕೆ ಒಪ್ಪಿದ್ದು ಮಾರಾಯ್ತಿ? ಅಲ್ಲಿ ಹೇಂಟೆ ಎಲ್ಲಿ ಉಂಟು?"

ವಿನೋದಾ ಹುಂಜದ ಬೆನ್ನು ಸವರುತ್ತ ಕಿಟಕಿಯ ಹೊರಗೆ ನೋಡಿದಳು.

"ಧೂಳಿನ ಪಂಚೆ ಒಗೆದವಳು ನಾನಲ್ವಾ? ಅದು ನಮ್ಮದೇ ಗುಡ್ಡದ ಕೆಂಪು, ಕೊಟ್ಟಾರದಾಚೆಯ ಕೋರೆಯದ್ದು. ಕೊಟ್ಟಾರದಲ್ಲಿ ಬಸ್ಸು ನಿಲ್ಲಿಸಲಿಕ್ಕೆ ಕಂಡಕ್ಟರಿಗೆ ಹೇಳಿದ್ದೇನೆ. ಬೇಗ ಓಡಿ ಹೋಗಿ ಹೇಂಟೆಯನ್ನು ಹಿಡಿದುಕೊಂಡು ಬನ್ನಿ."